ಅಟ್ಟದಿಂದ ಇಳಿದ ಸ್ಪೆಕ್ಟ್ರಮ್: ಮೊದಲು ಮೀಟರ್ ಹಿಡಿಯಿರಿ, ಆಮೇಲೆ ಕರೆಂಟ್ ಕೊಡಿ

ಹೋದ ವರ್ಷ ಪರಿಚಯದವರೊಬ್ಬರು ಟವೆಲ್ಲಿನಲ್ಲಿ ಸುತ್ತಿಕೊಂಡು ಒಂದು ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದರು, ಎಂಬತ್ತರ ದಶಕದ ಮನೆಬಳಕೆಯ ಕಂಪ್ಯೂಟರ್. ರಬ್ಬರ್ ಕೀಲಿಗಳ ಕಪ್ಪು ಪೆಟ್ಟಿಗೆ, ಬಲಮೂಲೆಯಲ್ಲಿ ನಾಲ್ಕು ಬಣ್ಣದ ಪಟ್ಟೆ. ಅವರ ತಂದೆ ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನಿಂದ ತಂದಿದ್ದಂತೆ, ಮೂವತ್ತು ವರ್ಷ ಅಟ್ಟದ ಮೇಲೆ ಮಲಗಿತ್ತಂತೆ. "ನಿನ್ನೆ ರಾತ್ರಿ ಆನ್ ಮಾಡಿದೆ ಸಾರ್, ಸುಟ್ಟ ವಾಸನೆ ಬಂತು, ಅಷ್ಟೇ" ಅಂದರು. ಯಾವ ಅಡಾಪ್ಟರ್ ಹಾಕಿದಿರಿ ಅಂತ ಕೇಳಿದೆ. ವೈಫೈ ರೂಟರಿನದು. ಪಿನ್ನು ಸರಿಯಾಗಿ ಕೂತಿತಲ್ಲ, ಅದಕ್ಕೇ ಹಾಕಿದೆ ಅಂದರು.

ಇದೇ ಮಾತನ್ನು ನಾನು ಕೇಳಿದ್ದು ಅದು ನಾಲ್ಕನೇ ಸಲ. ನಲವತ್ತು ವರ್ಷ ಉಳಿದುಕೊಂಡು ಬಂದ ಯಂತ್ರ ಒಂದೇ ಕ್ಷಣದಲ್ಲಿ ಹೋಗುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರ ಏಪ್ರಿಲ್‌ನಲ್ಲಿ ಸ್ಪೆಕ್ಟ್ರಮ್ ಹೊರತಂದಾಗ 16ಕೆ (ಅಂದರೆ 16 ಕಿಲೋಬೈಟ್ ಮೆಮೊರಿಯ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್ ಬೆಲೆ ಇಟ್ಟಿತು. 3.5 ಮೆಗಾಹರ್ಟ್ಸ್‌ನ ಝಡ್80ಎ ಪ್ರೊಸೆಸರ್, ಬಣ್ಣದ ಚಿತ್ರ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಎಲ್ಲ ಸೇರಿ ಆ ಬೆಲೆ. ಅದು ಸಾಧ್ಯವಾಗಿದ್ದು ಪ್ರತಿ ಪೈಸೆಯನ್ನೂ ಲೆಕ್ಕ ಹಾಕಿ ಉಳಿಸಿದ್ದರಿಂದ. 48ಕೆ ಯಂತ್ರದ ಮೇಲಿನ 32 ಕಿಲೋಬೈಟ್ ಮೆಮೊರಿಗೆ ಹಾಕಿದ್ದು ಅರ್ಧಭಾಗ ಕೆಟ್ಟಿದ್ದ 64 ಕಿಲೋಬಿಟ್ ಚಿಪ್ಪುಗಳು. ಚೆನ್ನಾಗಿದ್ದ ಅರ್ಧವನ್ನು ಮಾತ್ರ ಬಳಸಿಕೊಂಡರು. ಕೀಬೋರ್ಡಿನಲ್ಲಿ ಬಿಡಿ ಸ್ವಿಚ್ಚುಗಳಿಲ್ಲ, ಒಂದು ಪ್ಲಾಸ್ಟಿಕ್ ಹಾಳೆಯೇ ಎಲ್ಲ ಕೀಲಿಗಳ ಕೆಲಸ ಮಾಡುತ್ತದೆ. ಕರೆಂಟು ತಿರುಗುಮುರುಗಾಗಿ ಬಂದರೆ ತಡೆಯುವ ಒಂದು ಡಯೋಡ್ ಕೂಡ ಇಲ್ಲ. ಆ ಉಳಿತಾಯ ಎಲ್ಲೆಲ್ಲಿ ಆಗಿದೆಯೋ ಇವತ್ತು ನಾವು ಹುಷಾರಾಗಿರಬೇಕಾದದ್ದೂ ಅಲ್ಲಲ್ಲೇ.

ನಮ್ಮಲ್ಲಿ ವಿದೇಶದಿಂದ ಬಂದ ಪೆಟ್ಟಿಗೆಗಳು ಮಾತ್ರ ಸಿಗುತ್ತವೆ ಅಂದುಕೊಳ್ಳಬೇಡಿ. ಎಂಬತ್ತರ ದಶಕದಲ್ಲಿ ಡೆಸಿಬೆಲ್ಸ್ ಎಂಬ ಭಾರತೀಯ ಕಂಪನಿ ಇದರ ಮುಂದಿನ ಮಾದರಿಯಾದ ಸ್ಪೆಕ್ಟ್ರಮ್ ಪ್ಲಸ್ ಅನ್ನು ಪರವಾನಗಿ ಪಡೆದು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಹೆಸರಿನಲ್ಲಿ ಮಾರಿತು. ಗಟ್ಟಿ ಕೀಲಿಗಳ ಕಪ್ಪು ಪೆಟ್ಟಿಗೆ ಮನೆಯಲ್ಲಿದ್ದರೆ ಅದೂ ಇದೇ ಜಾತಿಯದು, ಕೆಳಗಿನ ಮಾತು ಅದಕ್ಕೂ ಅನ್ವಯಿಸುತ್ತದೆ.

ಹಂತ 1: ಅಡಾಪ್ಟರ್

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, ಅದರಲ್ಲೂ ಪ್ಲಗ್ಗಿನ ಒಳತೂತು ಮೈನಸ್, ಹೊರಮೈ ಪ್ಲಸ್. ಇವತ್ತು ಮನೆಯಲ್ಲಿರುವ ರೂಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತದೆ, ಹೆಚ್ಚಿನವು 12 ವೋಲ್ಟಿನವು ಬೇರೆ. ಪ್ಲಗ್ಗಿನ ಅಳತೆ ಮಾತ್ರ ಒಂದೇ, ಹಾಗಾಗಿ ಸಲೀಸಾಗಿ ಒಳಹೋಗುತ್ತದೆ. ಮೋಸ ಆಗುವುದು ಇಲ್ಲೇ.

ಮೂಲ ಅಡಾಪ್ಟರ್ ಇದ್ದರೆ ಮಲ್ಟಿಮೀಟರಿನಲ್ಲಿ ನೋಡಿ. ಲೋಡ್ ಇಲ್ಲದಾಗ 13 ವೋಲ್ಟ್ ಆಸುಪಾಸು ತೋರಿಸಿದರೆ ಗಾಬರಿ ಬೇಡ, ಅದು ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಭಾಗ) ಇಲ್ಲದ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್, ಅದರ ಸ್ವಭಾವವೇ ಹಾಗೆ. ಇಲ್ಲದಿದ್ದರೆ ಸಂಗೀತ ವಾದ್ಯಗಳ ಅಂಗಡಿಗೆ ಹೋಗಿ ಗಿಟಾರ್ ಪೆಡಲ್ ಅಡಾಪ್ಟರ್ ಕೇಳಿ. 9 ವೋಲ್ಟ್, ಒಳತೂತು ಮೈನಸ್, ಇವೆರಡೂ ಗಿಟಾರ್ ಪೆಡಲ್‌ಗಳಲ್ಲಿ ರೂಢಿ. ಆಂಪಿಯರ್ ಮಾತ್ರ ಕನಿಷ್ಠ 1 ಇರಲಿ, 1.5 ಆದರೆ ಇನ್ನೂ ಒಳ್ಳೆಯದು. ಪ್ಲಸ್ಸು ಮೈನಸ್ಸು ಅದಲುಬದಲು ಮಾಡುವ ಚಿಕ್ಕ ಸ್ವಿಚ್ಚಿರುವ 'ಯೂನಿವರ್ಸಲ್' ಅಡಾಪ್ಟರನ್ನು ದಯವಿಟ್ಟು ತರಬೇಡಿ. ಧೂಳು ಒರೆಸುವಾಗ ಆ ಸ್ವಿಚ್ಚು ಸರಿದರೂ ಸಾಕು, ಯಂತ್ರ ಹೋಯಿತು.

ಹಂತ 2: ಬಿಚ್ಚುವುದು

ಅಡಿಯ ಸ್ಕ್ರೂಗಳನ್ನು ತೆಗೆದ ಕೂಡಲೇ ಮುಚ್ಚಳವನ್ನು ಪೂರ್ತಿ ಎತ್ತಬೇಡಿ. ಎರಡು ಬೆರಳಿನಷ್ಟು ಎತ್ತಿ ಒಳಗೆ ನೋಡಿ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ಪ್ಲಾಸ್ಟಿಕ್ ಪಟ್ಟಿಗಳು ಇಳಿದಿರುತ್ತವೆ, ಒಂದರಲ್ಲಿ 5 ಗೆರೆ, ಇನ್ನೊಂದರಲ್ಲಿ 8. ಇಷ್ಟು ವರ್ಷದಲ್ಲಿ ಅವು ಒಣಗಿದ ತೆಂಗಿನ ಗರಿಯಂತಾಗಿರುತ್ತವೆ, ಬಗ್ಗಿಸಿದರೆ ಮುರಿಯುತ್ತವೆ. ಕನೆಕ್ಟರಿಗೆ ತೀರಾ ಹತ್ತಿರದಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ.

ಮುರಿದ ತುದಿಯನ್ನು ಕತ್ತರಿಸಿ ಮತ್ತೆ ಸಿಕ್ಕಿಸುವ ಉಪಾಯ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಮ್ಮೆ ನಡೆಯುತ್ತದೆ, ಇನ್ನೊಮ್ಮೆ ಬಿಚ್ಚುವಾಗ ಮತ್ತೆ ಮುರಿದು ಪಟ್ಟಿ ಗಿಡ್ಡವಾಗಿ ಬೋರ್ಡಿಗೇ ಎಟಕುವುದಿಲ್ಲ. ಹೊಸ ಹಾಳೆಗಳನ್ನು ಇವತ್ತಿಗೂ ತಯಾರಿಸಿ ಮಾರುತ್ತಾರೆ, ಒಂದು ತರಿಸಿಡಿ.

ಹಂತ 3: ಶಾರ್ಟ್ ಹುಡುಕುವುದು

ಎಲ್ಲರೂ ಬಿಟ್ಟು ಮುಂದೆ ಹೋಗುವ ಹಂತ ಇದು. ಇಲ್ಲಿ ಅರ್ಧ ಗಂಟೆ ಕೂತರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಮೊದಲು ಒಳಗಿನ ಸಂಗತಿ ಅರ್ಥವಾಗಬೇಕು. ಕೆಳಗಿನ 16 ಕಿಲೋಬೈಟ್ ಮೆಮೊರಿ ಅಂದರೆ 4116 ಎಂಬ ಎಂಟು ಚಿಪ್ಪುಗಳು, ಬೋರ್ಡಿನ ಮೇಲೆ ಐಸಿ6ರಿಂದ ಐಸಿ13ರ ತನಕ ಸಾಲಾಗಿ ಕೂತಿವೆ. ಇವು ಹಳೆಯ ತಳಿಯವು, ಒಂದೇ ವೋಲ್ಟೇಜಿನಲ್ಲಿ ಬದುಕುವುದಿಲ್ಲ. ಪ್ಲಸ್ 5, ಪ್ಲಸ್ 12, ಮೈನಸ್ 5, ಮೂರೂ ಬೇಕು. ಪ್ಲಸ್ 5 ಬರುವುದು 7805 ರೆಗ್ಯುಲೇಟರಿನಿಂದ. ಉಳಿದೆರಡನ್ನು ಒಂದು ಕಾಯಿಲ್ ಮತ್ತು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರುಗಳಿರುವ ಪುಟ್ಟ ಸರ್ಕ್ಯೂಟ್ ಹುಟ್ಟಿಸುತ್ತದೆ. ಪ್ಲಸ್ 12 ಇದ್ದು ಮೈನಸ್ 5 ಇಲ್ಲದೆ ಹೋದರೆ 4116 ಚಿಪ್ಪುಗಳು ಒಳಗೇ ಸಾಯುತ್ತವೆ. ಹಾಗೆ ಸತ್ತ ಚಿಪ್ಪು ಶಾರ್ಟ್ ಆಗಿ 12 ವೋಲ್ಟ್ ಗೆರೆಯನ್ನು ಹಿಡಿದೆಳೆಯುತ್ತದೆ, ಆಗ ಟಿಆರ್4 ಸುಡುತ್ತದೆ. ರಿಪೇರಿಯವರು ಟಿಆರ್4 ಒಂದನ್ನೇ ಬದಲಿಸಿ ಆನ್ ಮಾಡುತ್ತಾರೆ, ಅದು ಮತ್ತೆ ಸುಡುತ್ತದೆ. ಮೂರು ಟ್ರಾನ್ಸಿಸ್ಟರ್ ಹೀಗೆ ಸುಟ್ಟಿದ್ದ ಬೋರ್ಡು ನನ್ನ ಕೈಗೆ ಬಂದಿತ್ತು. ಕೆಟ್ಟಿದ್ದದ್ದು ಒಂದೇ ಒಂದು ಮೆಮೊರಿ ಚಿಪ್ಪು.

ಆದ್ದರಿಂದ ಅಡಾಪ್ಟರ್ ಇನ್ನೂ ದೂರವೇ ಇರಲಿ. ಮೀಟರನ್ನು ಓಮ್‌ಗೆ ತಿರುಗಿಸಿ. 4116 ಚಿಪ್ಪಿನ ತಲೆಯ ಮೇಲೆ ಅರ್ಧಚಂದ್ರದ ಕಚ್ಚು ಇರುತ್ತದೆ. ಅದನ್ನು ಮೇಲಕ್ಕೆ ಇಟ್ಟುಕೊಂಡರೆ ಎಡಸಾಲಿನ ಮೊದಲ ಕಾಲು ಪಿನ್ 1, ಕೊನೆಯದು ಪಿನ್ 8. ಬಲಸಾಲಿನಲ್ಲಿ ಕೆಳಗಿನದು ಪಿನ್ 9, ಮೇಲಿನದು ಪಿನ್ 16. ಪಿನ್ 1 ಮೈನಸ್ 5, ಪಿನ್ 8 ಪ್ಲಸ್ 12, ಪಿನ್ 9 ಪ್ಲಸ್ 5, ಪಿನ್ 16 ಗ್ರೌಂಡ್. ಪಿನ್ 16ರಿಂದ ಉಳಿದ ಮೂರಕ್ಕೂ ಒಂದೊಂದಾಗಿ ಅಳೆಯಿರಿ. ಒಂದಂಕಿಯ ಓಮ್ ಬಂದರೆ ಅದು ಶಾರ್ಟ್.

ಶಾರ್ಟ್ ಇದೆ ಅಂತ ಗೊತ್ತಾದರೂ ಎಂಟರಲ್ಲಿ ಯಾವುದು ಅಂತ ಮೀಟರ್ ಹೇಳುವುದಿಲ್ಲ. ಎಂಟರ ಪಿನ್ 8ಗಳೂ ಒಂದೇ ಗೆರೆಗೆ ಸೇರಿವೆ. ಪಿನ್ 8ರ ಬೆಸುಗೆ ಮಾತ್ರ ಹೀರಿ ತೆಗೆದು, ಕಾಲು ತೂತಿನ ಅಂಚಿಗೆ ತಾಗದಂತೆ ಬಿಡಿಸಿ. ಒಂದೊಂದೇ ಚಿಪ್ಪಿಗೆ ಹೀಗೆ ಮಾಡುತ್ತಾ ಪ್ರತಿ ಸಲ ಗೆರೆಯನ್ನು ಅಳೆಯಿರಿ. ಯಾವ ಚಿಪ್ಪನ್ನು ಬಿಡಿಸಿದಾಗ ಶಾರ್ಟ್ ಮಾಯವಾಯಿತೋ ಅದೇ ಕಳ್ಳ. ಅದೊಂದನ್ನೇ ತೆಗೆಯಿರಿ, ಉಳಿದವುಗಳ ಪಿನ್ 8 ಮತ್ತೆ ಬೆಸೆಯಿರಿ. ಎಂಟನ್ನೂ ಕಿತ್ತು ಎಸೆಯುವವರಿದ್ದಾರೆ, ಬೇಡ. ಈ ಬೋರ್ಡುಗಳ ತಾಮ್ರದ ಗೆರೆ ತೆಳು, ಹೆಚ್ಚು ಕಾಯಿಸಿದರೆ ಕಿತ್ತು ಬರುತ್ತದೆ. ತೆಗೆದ ಜಾಗಕ್ಕೆ ಒಳ್ಳೆಯ ಸಾಕೆಟ್ ಹಾಕಿ. ಹಾಗೇ 4164 ಚಿಪ್ಪು ಸಿಗುತ್ತದೆ, ಅಳತೆ ಒಂದೇ ಅಂತ ಅಲ್ಲಿಗೆ ನೇರ ಕೂರಿಸಬೇಡಿ. ಅದಕ್ಕೆ ಪಿನ್ 8ರಲ್ಲಿ 5 ವೋಲ್ಟ್ ಬೇಕು, ಇಲ್ಲಿ ಅದೇ ಪಿನ್ನಿನಲ್ಲಿ 12 ಇದೆ.

ಶಾರ್ಟ್ ಹೋದ ಮೇಲೆ ಟಿಆರ್4, ಟಿಆರ್5 ಎರಡನ್ನೂ ಸೇರಿಸಿಯೇ ಬದಲಿಸಿ. ಟಿಆರ್4 ಅಂದರೆ ಝಡ್‌ಟಿಎಕ್ಸ್650, ಟಿಆರ್5 ಅಂದರೆ ಝಡ್‌ಟಿಎಕ್ಸ್213. ಬೆಂಗಳೂರಿನಲ್ಲಿರುವವರು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಯಾವುದೋ ಸಿಕ್ಕ ಟ್ರಾನ್ಸಿಸ್ಟರ್ ಹಾಕಿ ಕೆಲಸ ನಡೆಸಬೇಡಿ.

ಹಂತ 4: ಕೆಪಾಸಿಟರ್

ಬೋರ್ಡಿನಲ್ಲಿರುವ ಹತ್ತು ಹನ್ನೆರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಒಂದೇ ಸಲ ಬದಲಿಸಿ. ಒಂದನ್ನೂ ಬಿಡಬೇಡಿ, ಒಳಗಿನ ದ್ರವ ಒಣಗಿರುತ್ತದೆ. ಶುರು ಮಾಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಹಳೆಯದು ಯಾವ ದಿಕ್ಕಿಗೆ ಕೂತಿತ್ತೋ ಹೊಸದೂ ಅದೇ ದಿಕ್ಕಿಗೆ ಕೂರಬೇಕು. ಎರಡೂ ತುದಿಯಲ್ಲಿ ತಂತಿಯಿರುವ ಮಲಗಿಸುವ ಮಾದರಿಯಾದರೆ ಸುತ್ತ ಕೊರೆದಂತೆ ಒಳಸರಿದ ಗೀರು ಇರುವ ಕಡೆ ಪ್ಲಸ್. 105 ಡಿಗ್ರಿ ಅಂತ ಬರೆದಿರುವ ಜಪಾನಿ ಕೆಪಾಸಿಟರನ್ನೇ ಕೊಳ್ಳಿ. ಅಂತರ್ಜಾಲದಲ್ಲಿ ಚೀಟಿಯೂ ಇಲ್ಲದ ಪೊಟ್ಟಣದಲ್ಲಿ ಬರುವ ಅಗ್ಗದ 'ಕಿಟ್' ಒಮ್ಮೆ ತರಿಸಿದ್ದೆ. ಅದರಲ್ಲಿದ್ದ 22 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಮೀಟರ್ ತೋರಿಸಿದ್ದು 9.

ಹಂತ 5: ಐದು ಸೆಕೆಂಡಿನ ಕರೆಂಟು

ಈಗ ಅಡಾಪ್ಟರ್. ಅದಕ್ಕೆ ಮೊದಲು ಇನ್ನೊಂದು ಕೆಲಸ. ಮೀಟರನ್ನು ಓಮ್‌ನಿಂದ ಡಿಸಿ ವೋಲ್ಟ್‌ಗೆ ತಿರುಗಿಸಿ. ಮೀಟರಿನ ಕೆಂಪು ಕಡ್ಡಿಯ ಮೊನೆಗೆ ಇನ್ಸುಲೇಷನ್ ಸ್ಲೀವ್ ಹಾಕಿ, ತುದಿಯಲ್ಲಿ ಎರಡು ಮಿಲಿಮೀಟರ್ ಲೋಹ ಮಾತ್ರ ಕಾಣಬೇಕು. ಪಿನ್ 8ರ ಪಕ್ಕದಲ್ಲೇ ಪಿನ್ 7 ಇದೆ, ಅದು ವಿಳಾಸದ ಗೆರೆ. ಕಡ್ಡಿ ಜಾರಿ ಎರಡೂ ತಾಗಿದರೆ 12 ವೋಲ್ಟ್ ಆ ಗೆರೆಯಲ್ಲಿ ನುಗ್ಗುತ್ತದೆ. ಚಿತ್ರ ಮೂಡಿಸುವ ಯುಎಲ್‌ಎ ಚಿಪ್ಪಿಗೂ ಏಟು ಬೀಳಬಹುದು. ಅದು ಫೆರಾಂಟಿ ಕಂಪನಿ ಸ್ಪೆಕ್ಟ್ರಮ್‌ಗೆಂದೇ ಮಾಡಿಕೊಟ್ಟ ಚಿಪ್ಪು, ಇನ್ನೊಂದು ಸಿಗುವುದು ಕಷ್ಟ.

ಕಪ್ಪು ಕಡ್ಡಿಯನ್ನು 7805ರ ಲೋಹದ ಬೆನ್ನಿಗೆ ಕ್ಲಿಪ್ ಮಾಡಿ, ಅದು ಗ್ರೌಂಡ್. ಕೈಯಲ್ಲಿ ಇರಬೇಕಾದದ್ದು ಕೆಂಪು ಕಡ್ಡಿ ಒಂದೇ. ಕಡ್ಡಿಯನ್ನು ಮೊದಲು ಪಿನ್ 1ರ ಮೇಲೆ ಇಟ್ಟು, ಆಮೇಲೆ ಇನ್ನೊಬ್ಬರ ಕೈಯಲ್ಲಿ ಅಡಾಪ್ಟರ್ ಚುಚ್ಚಿಸಿ. ಮೈನಸ್ 5ರ ಹತ್ತಿರ ಬಂದರೆ ಸರಿ. ಸೊನ್ನೆ ಬಂದರೆ ಆ ಕ್ಷಣವೇ ಕೀಳಿಸಿ, 'ಇನ್ನೊಂದು ಸಲ ನೋಡೋಣ' ಬೇಡ, ಹಂತ 3ಕ್ಕೆ ವಾಪಸ್. ಪಿನ್ 1 ಸರಿಯಿದ್ದರೆ ಅದೇ ರೀತಿ ಆಫ್ ಮಾಡಿ, ಕಡ್ಡಿ ಇಟ್ಟು, ಆನ್ ಮಾಡಿ ಪಿನ್ 8, ಪಿನ್ 9 ನೋಡಿ. 12, 5 ಬರಬೇಕು. ಮೂರನ್ನೂ ಕಾಗದದ ಮೇಲೆ ಬರೆದು ಬೋರ್ಡಿನ ಜೊತೆಗೇ ಇಡಿ. ಮುಂದಿನ ವರ್ಷ ಏನಾದರೂ ಕೆಟ್ಟರೆ ಈ ಚೀಟಿಯೇ ಆಧಾರ.

ಹಂತ 6: ಟಿವಿ

ಟಿವಿಗೆ ಅನಲಾಗ್ ಆಂಟೆನಾ ಸೌಕರ್ಯ ಇದ್ದರೆ ಯುಹೆಚ್‌ಎಫ್ ಚಾನೆಲ್ 36ರಲ್ಲಿ ಹುಡುಕಿ. ಸದ್ದು ಟಿವಿಯಿಂದ ಬರಲಿಲ್ಲ ಅಂತ ಚಿಂತಿಸಬೇಡಿ, 48ಕೆ ಯಂತ್ರಕ್ಕೆ ತನ್ನದೇ ಸ್ಪೀಕರ್ ಒಳಗಿದೆ. ಮಂಜಿನ ಆ ಚಿತ್ರಕ್ಕಿಂತ ಕಾಂಪೋಸಿಟ್ ವಿಡಿಯೋ (ಟಿವಿಯ ಎವಿ ಸಾಕೆಟ್ಟಿಗೆ ನೇರ ಹೋಗುವ ಚಿತ್ರ) ಎಷ್ಟೋ ಮೇಲು, ನಾನು ಎಲ್ಲ ಯಂತ್ರಕ್ಕೂ ಅದನ್ನೇ ಮಾಡುತ್ತೇನೆ. ಟಿವಿ ಸಾಕೆಟ್ಟಿರುವ ಲೋಹದ ಮಾಡ್ಯುಲೇಟರ್ ಡಬ್ಬಿಗೆ ಬರುವ 5 ವೋಲ್ಟ್ ಮತ್ತು ವಿಡಿಯೋ ತಂತಿಗಳನ್ನು ಬಿಡಿಸಿ. ಡಬ್ಬಿಯೊಳಗೆ ಸಾಕೆಟ್ಟಿನ ನಡುಪಿನ್ನಿಗೆ ಬಂದಿರುವ ರೆಸಿಸ್ಟರ್ ಕಾಲನ್ನೂ ಬಿಡಿಸಿ, ವಿಡಿಯೋ ತಂತಿಯನ್ನು ಆ ನಡುಪಿನ್ನಿಗೆ ಬೆಸೆಯಿರಿ. 5 ವೋಲ್ಟ್ ತಂತಿಯ ತುದಿಗೆ ಟೇಪ್ ಸುತ್ತಿ. ಏನನ್ನೂ ಕತ್ತರಿಸಬೇಡಿ, ಮುಂದೆ ಯಾರಿಗಾದರೂ ಮೊದಲಿನಂತೆ ಮಾಡಬೇಕು ಅನ್ನಿಸಬಹುದು.

ಹಂತ 7: ಪರೀಕ್ಷೆ

ಆನ್ ಮಾಡಿದಾಗ ಪರದೆ ಒಂದೆರಡು ಕ್ಷಣ ಕಪ್ಪಾಗುತ್ತದೆ, ಯಂತ್ರ ಮೆಮೊರಿಯನ್ನು ತಡವಿ ನೋಡುತ್ತಿರುತ್ತದೆ. ಆಮೇಲೆ ಬೆಳ್ಳಗಾಗಿ ತಳದಲ್ಲಿ '1982 ಸಿಂಕ್ಲೇರ್ ರಿಸರ್ಚ್ ಲಿಮಿಟೆಡ್' ಸಾಲು ಮೂಡುತ್ತದೆ. ಚೌಕಗಳ ಕಲಸುಮೇಲೋಗರ ಅಥವಾ ಅಡ್ಡಾದಿಡ್ಡಿ ಪಟ್ಟೆ ಬಂದರೆ ಮೊದಲ ಅನುಮಾನ ಆ ಎಂಟು ಚಿಪ್ಪುಗಳ ಮೇಲೇ ಇರಲಿ, ಪರದೆಯ ಚಿತ್ರ ಕೂರುವುದು ಅವುಗಳಲ್ಲಿ.

ಸಾಲು ಬಂತು ಅಂತ ಮೆಮೊರಿ ಪೂರ್ತಿ ಇದೆ ಅಂತಲ್ಲ. ಮೇಲಿನ 32 ಕೆ ಸತ್ತಿದ್ದರೂ ಯಂತ್ರ ಏನೂ ಹೇಳದೆ 16ಕೆ ಆಗಿ ಏಳುತ್ತದೆ. ಪ್ರಿಂಟ್ ಪೀಕ್ 23732 + 256 * ಪೀಕ್ 23733 ಅಂತ ಕೊಡಿ. ಅಕ್ಷರ ಅಕ್ಷರ ಟೈಪ್ ಮಾಡುವುದಲ್ಲ, 'ಪಿ' ಒತ್ತಿದರೆ ಪ್ರಿಂಟ್ ಪದ ಇಡಿಯಾಗಿ ಬರುತ್ತದೆ. ಪೀಕ್‌ಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು 'ಓ' ಒತ್ತಬೇಕು. ಉತ್ತರ 65535 ಬಂದರೆ 48 ಕೆ ಪೂರ್ತಿ ಜೀವಂತ. 32767 ಬಂದರೆ ಯಂತ್ರ ಕಾಣುತ್ತಿರುವುದು 16 ಕೆ ಮಾತ್ರ.

ಇನ್ನು ಕ್ಯಾಸೆಟ್. ಇದರ ಪ್ರೋಗ್ರಾಮುಗಳು ಸದ್ದಿನ ರೂಪದಲ್ಲಿ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಟೇಪ್ ರೆಕಾರ್ಡರ್ ಬೇಕಾಗಿಲ್ಲ, ಮೊಬೈಲಿನಿಂದ ಆಡಿಯೋ ತಂತಿಯನ್ನು 'ಇಯರ್' ತೂತಿಗೆ ಕೊಟ್ಟರೆ ಸಾಕು. 'ಜೆ' ಒತ್ತಿ (ಲೋಡ್ ಪದ ಬರುತ್ತದೆ), ಸಿಂಬಲ್ ಶಿಫ್ಟ್ ಹಿಡಿದು 'ಪಿ' ಎರಡು ಸಲ, ಎಂಟರ್. ಮೊಬೈಲಿನ ಸದ್ದು ಪೂರ್ತಿ ಏರಿಸಿ, ಈಕ್ವಲೈಜರ್, 'ಬಾಸ್ ಬೂಸ್ಟ್' ಎಲ್ಲ ಆಫ್ ಮಾಡಿ, ಅವು ಸದ್ದಿನ ಆಕಾರವನ್ನೇ ಕೆಡಿಸುತ್ತವೆ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆ ಓಡಬೇಕು, ಆಮೇಲೆ ನೀಲಿ ಹಳದಿಯ ಸಣ್ಣ ಪಟ್ಟೆ. ಕೆಂಪು ತಿಳಿನೀಲಿಯಿಂದ ಮುಂದೆ ಹೋಗದಿದ್ದರೆ ಮೊಬೈಲಿಗೆ ಸಂದೇಶ ಬಂದು ನಡುವೆ 'ಟಿಂಗ್' ಅಂದಿತೇ ನೋಡಿ. ಏರೋಪ್ಲೇನ್ ಮೋಡಿಗೆ ಹಾಕಿ, ಮೊದಲಿನಿಂದ ಪ್ಲೇ ಮಾಡಿ.