ಸೀಟು ನಾಲ್ಕು ಸೆಂಟಿಮೀಟರ್ ಕೆಳಗಿತ್ತು: ನಾನು ಸೈಕ್ಲಿಂಗ್ ಕೋಚ್ ಆದದ್ದು

"ಸರ್, ಮೊಣಕಾಲ ಮುಂದಿನ ಬಾಜೂ ಭಾಳ ನೋಯಾಕತ್ತೈತ್ರಿ."

ಹದಿಮೂರು ವರ್ಷದ ಹುಡುಗಿ. ವಿಜಯಪುರದಿಂದ ಸೋಲಾಪುರದ ಕಡೆ ಹೋಗುವ ರಸ್ತೆಯಲ್ಲಿ ಬೆಳಗಿನ ಪ್ರಾಕ್ಟೀಸ್ ಮುಗಿದಿತ್ತು. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಮೊಣಕಾಲು ಒತ್ತಿಕೊಂಡು ನಿಂತಿದ್ದಳು. ನಾನು ಹೇಳಿದ್ದು ಇಷ್ಟೇ: "ಸ್ವಲ್ಪ ತಡಕೋ ಅವ್ವಾ. ಹೊಡ್ಯೂತ ಹೊಡ್ಯೂತ ತಾನ ಹೋಗ್ತೈತಿ."

ಹೋಗಲಿಲ್ಲ. ಮೂರು ವಾರಕ್ಕೆ ಅವಳು ಬರುವುದೇ ನಿಂತುಹೋಯಿತು.

ಆಗ ನಾನು ಹತ್ತು ವರ್ಷ ರೇಸ್ ಹೊಡೆದವನು. ಕ್ರೀಡಾ ನಿಲಯದಲ್ಲಿ ಬೆಳೆದವನು. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಅಂದರೆ ಹುಡುಗರಿಗೆ ಹುಚ್ಚು. ರಸ್ತೆ ಸಪಾಟು, ಗಾಳಿ ಜಾಸ್ತಿ, ಬಿಸಿಲು ಇನ್ನೂ ಜಾಸ್ತಿ. ಈ ಮಣ್ಣಿನ ಎಷ್ಟೋ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ನನಗೂ ಎರಡು ಬಂದಿದ್ದವು. ಓಡಿಸಲು ಬರುತ್ತದೆ ಅಂದಮೇಲೆ ಕಲಿಸಲೂ ಬರುತ್ತದೆ ಎಂದು ನಂಬಿದ್ದೆ. ನನ್ನ ಹಿರಿಯರು ನನಗೆ ಏನು ಮಾಡಿಸಿದ್ದರೋ ಅದನ್ನೇ ಇವರಿಗೂ ಮಾಡಿಸುತ್ತಿದ್ದೆ. ಭಾನುವಾರ ಬಂದರೆ ಎಲ್ಲರಿಗೂ ನೂರು ಕಿಲೋಮೀಟರ್. ಹದಿನಾಲ್ಕರ ಹುಡುಗನಿಗೂ ಅಷ್ಟೇ, ಇಪ್ಪತ್ತರವನಿಗೂ ಅಷ್ಟೇ. ನನ್ನ ಮೊಣಕಾಲು ಎಂದೂ ನೋಯ್ದಿರಲಿಲ್ಲ. ಹಾಗಾಗಿ ಅವಳ ನೋವು ನನಗೆ ಕಾಣಲೇ ಇಲ್ಲ.

ಆ ಹುಡುಗಿ ಬಿಟ್ಟ ವರ್ಷವೇ ನಾನು ಕೋಚಿಂಗ್ ಓದಬೇಕು ಎಂದು ತೀರ್ಮಾನಿಸಿದೆ.

ಮೊದಲು ಒಂದು ತಪ್ಪು ದಾರಿ ಹಿಡಿದೆ. ಬೇರೆಯವರಿಗೆ ಉಪಯೋಗ ಆಗಲಿ ಅಂತ ಅದನ್ನೂ ಬರೆಯುತ್ತೇನೆ. ಮನೆಯಲ್ಲೇ ಕೂತು ಮಾಡುವ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ. ನಾಲ್ಕು ವಿಡಿಯೋ, ಇಪ್ಪತ್ತು ಪ್ರಶ್ನೆ. ಸಂಜೆಗೆಲ್ಲ ಬಂಗಾರದ ಬಣ್ಣದ ಅಂಚಿನ ಸರ್ಟಿಫಿಕೇಟ್ ಮೊಬೈಲಿಗೆ ಬಂತು. ಅದನ್ನು ಹಿಡಿದು ಹೋದ ಕಡೆಯಲ್ಲೆಲ್ಲ "ಇದು ನಡೆಯಲ್ಲ" ಅಂದರು. ಈಗ ಯಾರಾದರೂ ಕೋರ್ಸಿನ ಬಗ್ಗೆ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನೀನು ಮಕ್ಕಳಿಗೆ ಕಲಿಸುವುದನ್ನು ಯಾರಾದರೂ ಎದುರಿಗೆ ನಿಂತು ನೋಡುತ್ತಾರಾ? ಇಲ್ಲ ಅಂದರೆ ದುಡ್ಡು ಕಟ್ಟಬೇಡ.

ಆಮೇಲೆ ಪಟಿಯಾಲಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಗೆ ಅರ್ಜಿ ಹಾಕಿದೆ. ನಾವೆಲ್ಲ ಎನ್‌ಐಎಸ್ ಅನ್ನುವುದು ಇದನ್ನೇ. 1961ರಲ್ಲಿ ಶುರುವಾದದ್ದು, ಪಟಿಯಾಲಾ ಮಹಾರಾಜರ ಹಳೇ ಮೋತಿ ಬಾಗ್ ಅರಮನೆಯಲ್ಲಿದೆ. ಇಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ, ಪೂರ್ತಿ ಡಿಪ್ಲೊಮಾವೂ ಇದೆ. ನಾನು ಎರಡನ್ನೂ ಮಾಡಿದೆ, ಆರು ವಾರದ್ದು ಮೊದಲು. ಸರ್ಕಾರಿ ಕೋಚ್ ಕೆಲಸಕ್ಕೆ ಡಿಪ್ಲೊಮಾ ಕೇಳುತ್ತಾರೆ ಅನ್ನುವುದು ನಿಜ. ಆದರೆ ಶಾಲೆಯ ಪಿಟಿ ಮೇಷ್ಟ್ರಿಗೆ, ಊರಲ್ಲಿ ಹತ್ತು ಮಕ್ಕಳನ್ನು ಕಟ್ಟಿಕೊಂಡು ಓಡಿಸುವವರಿಗೆ ಆರು ವಾರದ ಕೋರ್ಸೂ ಒಳ್ಳೆಯದೇ. ಅರ್ಜಿ ಹಾಕುವಾಗ ಆಡಿದ ಎಲ್ಲ ಟೂರ್ನಮೆಂಟಿನ ಪ್ರಮಾಣಪತ್ರಗಳನ್ನೂ ತೆಗೆದಿಟ್ಟುಕೊಳ್ಳಿ. ನನ್ನ ಒಂದು ಪ್ರಮಾಣಪತ್ರ ಮಳೆಯಲ್ಲಿ ನೆಂದು ಅಕ್ಷರ ಅಳಿಸಿಹೋಗಿತ್ತು. ಅದರ ನಕಲಿಗೆ ತಿಂಗಳುಗಟ್ಟಲೆ ಅಲೆದೆ.

ಡಿಸೆಂಬರ್ ಪಟಿಯಾಲಾ ನಮ್ಮವರಿಗೆ ಕಷ್ಟ. ಹತ್ತು ಅಡಿ ಮುಂದಿನ ಸೈಕಲ್ ಕಾಣದಷ್ಟು ಮಂಜು. ಜೋಳದ ರೊಟ್ಟಿ ಬಿಟ್ಟು ಗೋಧಿ ರೊಟ್ಟಿ ಒಗ್ಗಿಸಿಕೊಳ್ಳಬೇಕು. ಹಿಂದಿ, ಇಂಗ್ಲಿಷಿನಲ್ಲಿ ಪಾಠ. ಅಂಗರಚನೆ, ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್ (ಮೈಯ ಚಲನೆ, ಬಲದ ಲೆಕ್ಕ), ಮನಃಶಾಸ್ತ್ರ, ಟ್ರೈನಿಂಗ್ ವಿಧಾನ, ಹೀಗೆ ವಿಷಯಗಳ ಸಾಲು. ಹಗಲು ಕೇಳಿದ ಪಾಠವನ್ನು ರಾತ್ರಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ನೋಟುಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಅಲ್ಲಿ ನನ್ನ ಕಣ್ಣು ತೆರೆಸಿದ್ದು ಇಪ್ಪತ್ತು ನಿಮಿಷದ ಒಂದು ಪರೀಕ್ಷೆ. ಜೊತೆಯ ವಿದ್ಯಾರ್ಥಿಗಳೇ ಮಕ್ಕಳು, ನಾನು ಕೋಚ್. ವಿಷಯ: ತಿರುವಿನಲ್ಲಿ ಸೈಕಲ್ ತಿರುಗಿಸುವುದು. ನನಗೆ ಇದಕ್ಕಿಂತ ಚೆನ್ನಾಗಿ ಗೊತ್ತಿರುವುದು ಬೇರೆ ಇರಲಿಲ್ಲ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿಯಬೇಕು. ಹೊರಗಿನ ಪೆಡಲ್ ಕೆಳಗಿರಬೇಕು, ಮೈಭಾರ ಅದರ ಮೇಲಿರಬೇಕು. ಕಣ್ಣು ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕು. ಎಲ್ಲವನ್ನೂ ಬಿಡಿಸಿ ಹೇಳಿದೆ. ಕೊನೆಗೆ ನಮ್ಮ ಗುರುಗಳು ಸ್ಟಾಪ್‌ವಾಚ್ ನನ್ನ ಕೈಗೆ ಕೊಟ್ಟರು. ಮಕ್ಕಳು ಸೈಕಲ್ ಹತ್ತಿದ್ದ ಹೊತ್ತನ್ನು ಮಾತ್ರ ಅವರು ಅಳೆದಿದ್ದರು. ಆರು ನಿಮಿಷ ಚಿಲ್ಲರೆ.

"ನೀನು ಹೇಳಿದ್ದು ಒಂದೂ ತಪ್ಪಲ್ಲ" ಅಂದರು ಹಿಂದಿಯಲ್ಲಿ. "ಆದರೆ ಅವರು ಎಷ್ಟು ತಿರುವು ತಿರುಗಿದರು, ಹೇಳು?"

ನಾನು ಎಣಿಸಿರಲಿಲ್ಲ. ಒಬ್ಬೊಬ್ಬರಿಗೆ ಮೂರು ತಿರುವು ಸಿಕ್ಕಿತ್ತು, ಅಷ್ಟೇ.

ಎರಡನೇ ಸಲ ಒಂದೇ ಮಾತು ಹೇಳಿದೆ: "ಕಣ್ಣು ಆ ಕಂಬದ ಮೇಲೆ ಇಡಿ." ಮಿಕ್ಕದ್ದನ್ನು ಅವರು ಸುತ್ತು ಹೊಡೆಯುತ್ತಿರುವಾಗಲೇ ಒಂದೊಂದಾಗಿ ಸೇರಿಸಿದೆ. ಆವತ್ತಿನಿಂದ ನನ್ನ ಪಾಠದ ಕ್ರಮ ಅದೇ. ಒಂದು ಸಲಕ್ಕೆ ಒಂದು ಮಾತು, ಆಮೇಲೆ ಹತ್ತು ಸುತ್ತು. ಊರಿಗೆ ಬಂದ ಮೇಲೆ ತಿರುವು ಗುರುತಿಸಲು ಕೋನ್ ಇರಲಿಲ್ಲ. ಇಂಡಿ ಕಡೆಯ ಒಬ್ಬ ಹುಡುಗ ಮನೆಯಿಂದ ಒಂದು ಚೀಲ ನಿಂಬೆಹಣ್ಣು ತಂದ. ಹಣ್ಣನ್ನು ಸಾಲಾಗಿ ಇಟ್ಟೆವು. ಚಕ್ರ ಹಣ್ಣಿನ ಮೇಲೆ ಹತ್ತಿದರೆ ವಾಸನೆ ಬರುತ್ತಿತ್ತು. ತಪ್ಪಿದ್ದು ಯಾರು ಅಂತ ನಾನು ಹೇಳುವ ಅಗತ್ಯವೇ ಇರಲಿಲ್ಲ.

ಇನ್ನು ಆ ಮೊಣಕಾಲು. ಬಯೋಮೆಕ್ಯಾನಿಕ್ಸ್ ತರಗತಿಯಲ್ಲಿ ಸೀಟಿನ ಎತ್ತರದ ಪಾಠ ಬಂದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸೀಟು ಕೆಳಗಿದ್ದರೆ ಮೊಣಕಾಲಿನ ಮುಂದೆ ನೋವು, ಮೇಲಿದ್ದರೆ ಹಿಂದೆ ನೋವು. ಯಾವಾಗಲೂ ಹಾಗೇ ಅಂತಲ್ಲ, ಆದರೆ ಮೊದಲು ಹುಡುಕಬೇಕಾದ ಜಾಗ ಅದು. ಅಳೆಯುವುದು ಸುಲಭ. ಮಗು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಲಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟು ಬರುತ್ತದೋ ಅದನ್ನು 0.883ರಿಂದ ಗುಣಿಸಿ. ಎರಡೂ ಪೆಡಲಿನ ತೋಳು ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲಿನವರೆಗೆ ಸುಮಾರು ಅಷ್ಟಿರಬೇಕು. ಇದು ಶುರುವಿನ ಲೆಕ್ಕ ಮಾತ್ರ. ಆಮೇಲೆ ಓಡಿಸಿ ನೋಡಬೇಕು. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿದ್ದರೆ ಸರಿ.

ರಜೆಗೆ ಬಂದಾಗ ಅವಳ ಮನೆಗೇ ಹೋದೆ. ಅವರ ತಾಯಿ ಚಹಾ ಕೊಟ್ಟರು, ಮಾತು ಕಡಿಮೆ. ಸೈಕಲ್ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಅವಳ ಅಳತೆ 76 ಸೆಂಟಿಮೀಟರ್. ಸೀಟು ಸುಮಾರು 67ಕ್ಕೆ ಇರಬೇಕಿತ್ತು, 63ಕ್ಕೆ ಇತ್ತು. ಸೈಕಲ್ ಕೊಟ್ಟಾಗ ಇಟ್ಟ ಸೀಟು. ಅವಳು ಬೆಳೆದಿದ್ದಳು, ನಾನು ನೋಡಿರಲಿಲ್ಲ. ಒಂದೇ ಸಲಕ್ಕೆ ಏರಿಸಬಾರದು, ಮೈಗೆ ಒಗ್ಗುವುದಿಲ್ಲ. ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಏರಿಸಲು ಹೇಳಿ, ಸೀಟ್ ಪೋಸ್ಟಿಗೆ ಟೇಪ್ ಸುತ್ತಿ ಗುರುತು ಹಾಕಿಕೊಟ್ಟೆ. ಅವಳ ತಪ್ಪಲ್ಲ, ನನ್ನ ತಪ್ಪು ಎಂದು ಅವರ ತಾಯಿಯ ಎದುರೇ ಹೇಳಿದೆ. ಎರಡು ತಿಂಗಳಿಗೆ ಅವಳು ವಾಪಸ್ ಬಂದಳು.

ಶರೀರಕ್ರಿಯೆಯ ಪಾಠ ಹೆಣ್ಣುಮಕ್ಕಳ ವಿಷಯದಲ್ಲಿ ನನ್ನನ್ನು ಪೂರ್ತಿ ಬದಲಿಸಿತು. ಯಾರಾದರೂ ಹಿಂದೆ ಬಿದ್ದರೆ ಮೊದಲೆಲ್ಲ ಸೋಮಾರಿತನ ಅನ್ನುತ್ತಿದ್ದೆ. ಆಮ್ಲಜನಕ ಹೊರುವುದು ರಕ್ತದ ಹಿಮೋಗ್ಲೋಬಿನ್. ಅದು ಕಡಿಮೆ ಇದ್ದರೆ ಎಷ್ಟು ಪ್ರಾಕ್ಟೀಸ್ ಮಾಡಿಸಿದರೂ ಅಷ್ಟೇ. ಕೋರ್ಸ್ ಮುಗಿಸಿ ಬಂದವನೇ ಎಲ್ಲ ಹುಡುಗಿಯರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. 12 ಇರಬೇಕಾದ ಕಡೆ ಒಬ್ಬಳಿಗೆ 8.6 ಇತ್ತು. ನಾನು ಅವಳಿಗೇ ಜಾಸ್ತಿ ಬೈದಿದ್ದೆ. ಈಗ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸುತ್ತೇವೆ. ಮಾತ್ರೆ ಕೊಡುವುದು ಡಾಕ್ಟರ ಕೆಲಸ. ನಾನು ಕೊಡುವುದು ವಿಶ್ರಾಂತಿ, ಮತ್ತೆ ಮನೆಯವರಿಗೆ ಊಟದ ಮಾತು.

ಯುಸಿಐ, ಅಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ಹಂತದ ಕೋರ್ಸ್ ಆಮೇಲೆ ಸಿಕ್ಕಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನೆರವು ಯೋಜನೆಯಾದ ಒಲಿಂಪಿಕ್ ಸಾಲಿಡಾರಿಟಿಯ ನೆರವಿನಲ್ಲಿ ಯುಸಿಐ ಪರಿಣತರೇ ಬೇರೆ ಬೇರೆ ದೇಶಕ್ಕೆ ಹೋಗಿ ಇಂಥ ಕೋರ್ಸ್ ನಡೆಸುತ್ತಾರೆ. ನಮ್ಮಲ್ಲಿ ಭಾರತೀಯ ಸೈಕ್ಲಿಂಗ್ ಫೆಡರೇಶನ್ ಮೂಲಕ ಹೆಸರು ಹೋಗಬೇಕು. ಹಾಗಾಗಿ ರಾಜ್ಯ ಸಂಘದವರ ಸಂಪರ್ಕ ಬಿಡಬೇಡಿ. ಮೇಲಿನ ಹಂತಕ್ಕೆ ಸ್ವಿಟ್ಜರ್ಲೆಂಡಿನ ಏಗ್ಲ್‌ನಲ್ಲಿರುವ ವಿಶ್ವ ಸೈಕ್ಲಿಂಗ್ ಕೇಂದ್ರವಿದೆ. ನಾನು ಅಲ್ಲಿಗೆ ಹೋಗಿಲ್ಲ, ಆಸೆ ಇದೆ.

ಆ ಕೋರ್ಸಿನಿಂದ ಬಂದದ್ದರಲ್ಲಿ ದಿನವೂ ಬಳಸುವುದು ಎಂದರೆ ದುಡ್ಡಿಲ್ಲದೆ ಶ್ರಮ ಅಳೆಯುವ ರೀತಿ. ಪೆಡಲ್ ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ನಮ್ಮ ಮಕ್ಕಳ ಸೈಕಲ್‌ಗಿಂತ ದುಬಾರಿ. ಆದರೆ ಮಾತು ಎಲ್ಲರಿಗೂ ಇದೆ, ಅಲ್ವಾ? ಹಗುರ ದಿನ ಪಕ್ಕದವರ ಜೊತೆ ಆರಾಮಾಗಿ ಮಾತಾಡಿಕೊಂಡು ಹೋಗಬೇಕು. ನಮ್ಮ ಹುಡುಗಿಯರು ಅವತ್ತು ಸೋಬಾನೆ ಪದ ಹಾಡುತ್ತಾರೆ. ಹಾಡು ತುಂಡಾದರೆ ವೇಗ ಜಾಸ್ತಿ ಅಂತ ಅರ್ಥ. ರೇಸಿನ ವೇಗದ ದಿನ ಎರಡು ಮೂರು ಪದ ಹೊರಡಬೇಕು, ಅಷ್ಟೇ. ಇದರ ಜೊತೆ ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆಯುವುದು. ದಿನದ ಲೆಕ್ಕಕ್ಕಿಂತ ಎಂಟು ಹತ್ತು ಜಾಸ್ತಿ ಬಂದರೆ ಆ ಮಗುವಿಗೆ ಅವತ್ತು ಹಗುರ ಸವಾರಿ. ವಾದ ಇಲ್ಲ. ಭಾನುವಾರದ ನೂರು ಕಿಲೋಮೀಟರ್ ಈಗ ಎಲ್ಲರಿಗೂ ಇಲ್ಲ.

ಗೇರಿನ ವಿಷಯದಲ್ಲಿ ನಾನು ಹಳಬರ ಕಡೆ. ಜೂನಿಯರ್‌ಗಳಿಗೆ ರಸ್ತೆಯಲ್ಲಿ ಗೇರಿನ ಮಿತಿ ಇತ್ತು. ಪೆಡಲ್ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಮುಂದೆ ಹೋಗುವಂತಿರಲಿಲ್ಲ. 2023ರಿಂದ ಯುಸಿಐ ಅದನ್ನು ತೆಗೆದಿದೆ. ಆದರೂ ನಾನು ಸಣ್ಣ ಮಕ್ಕಳಿಗೆ ದೊಡ್ಡ ಗೇರ್ ಕೊಡುವುದಿಲ್ಲ. ಮೊದಲು ನಿಮಿಷಕ್ಕೆ ತೊಂಬತ್ತು ನೂರು ಸುತ್ತು ಮೆತ್ತಗೆ ತಿರುಗಿಸುವುದನ್ನು ಕಲಿಯಲಿ.

ಜೂನ್ ಜುಲೈ ಗಾಳಿಯಲ್ಲಿ ಓರೆ ಸಾಲು ಕಟ್ಟಿ ಓಡಿಸುವುದನ್ನು ಕಲಿಸುವುದಕ್ಕೆ ನಮ್ಮ ರಸ್ತೆಯಂಥ ಶಾಲೆ ಇಲ್ಲ. ಪಕ್ಕದಿಂದ ಗಾಳಿ ಬಂದಾಗ ನೇರ ಹಿಂದೆ ಇದ್ದರೆ ಆಸರೆ ಸಿಗುವುದಿಲ್ಲ, ಓರೆಯಾಗಿ ನಿಲ್ಲಬೇಕು. ವೆಲೊಡ್ರೋಮ್, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕ್, ಬೇರೆಯೇ ಲೋಕ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ 250 ಮೀಟರ್ ಮರದ ಟ್ರ್ಯಾಕಿನ ತಿರುವಿನ ಇಳಿಜಾರು ನಲವತ್ತು ಡಿಗ್ರಿ ದಾಟುತ್ತದೆ, ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ನಮ್ಮ ಮಕ್ಕಳು ಮೊದಲ ಸಲ ಅದನ್ನು ನೋಡಿದಾಗ ಗೋಡೆ ಅಂದುಕೊಂಡರು. ಅಲ್ಲೂ ಒಂದೇ ಮಾತು: ಕೆಳಗಿನ ನೀಲಿ ಪಟ್ಟಿಯಿಂದ ಶುರು ಮಾಡಿ, ವೇಗ ಬಿಡಬೇಡಿ.

ಊಟದ ಪಾಠವನ್ನು ಬಂದ ಹಾಗೆ ಒಪ್ಪಿಕೊಳ್ಳಬೇಡಿ, ನಿಮ್ಮ ಊರಿಗೆ ಹೊಂದಿಸಿಕೊಳ್ಳಿ. ಉದ್ದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು ಎಂದು ಕಲಿಸುತ್ತಾರೆ, ಸವಾರಿಯಲ್ಲೇ ಹೀರುವ ಸಿಹಿ ಜೆಲ್ ಪ್ಯಾಕೆಟ್ ತೋರಿಸುತ್ತಾರೆ. ನಮ್ಮಲ್ಲಿ ತಿಕೋಟಾದ ಒಣದ್ರಾಕ್ಷಿ ಇದೆ. ಒಂದು ಹಿಡಿ, ಅಂದರೆ 50 ಗ್ರಾಂ ತಿಂದರೆ ಸುಮಾರು 40 ಗ್ರಾಂ ಬರುತ್ತದೆ. ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ಮಹಿಳಾ ಆಟಗಾರರಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಎಂದು ಭಾರತೀಯ ಕ್ರೀಡಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೇಳಿತು. ನನ್ನ ಬ್ಯಾಚಿನಲ್ಲಿ ಸೈಕ್ಲಿಂಗ್ ತೆಗೆದುಕೊಂಡ ಹೆಣ್ಣುಮಕ್ಕಳು ಬೆರಳೆಣಿಕೆ. ಹೊಟ್ಟೆನೋವು, ಮುಟ್ಟು, ಸೀಟಿನಿಂದ ಆಗುವ ಗಾಯ, ಇವನ್ನು ಹದಿನಾಲ್ಕರ ಹುಡುಗಿ ನನ್ನಂಥ ಗಂಡಸಿನ ಹತ್ತಿರ ಹೇಳುವುದಿಲ್ಲ. ಎಷ್ಟು ಸರ್ಟಿಫಿಕೇಟ್ ಇದ್ದರೂ ಆ ಜಾಗ ನನ್ನಿಂದ ತುಂಬುವುದಿಲ್ಲ.

ಆ ಮೊಣಕಾಲಿನ ಹುಡುಗಿ ಡಿಗ್ರಿ ಮುಗಿಸಿ, ಆರು ವಾರದ ಕೋರ್ಸ್ ಮಾಡಿ ಬಂದಳು. ಸಣ್ಣವರಿಗೆಲ್ಲ ಅವಳೀಗ ಅಕ್ಕ. ಹೋದ ವಾರ ಒಂಬತ್ತು ವರ್ಷದ ಹೊಸ ಹುಡುಗಿ ಬಂದಳು. ಅವಳನ್ನು ಗೋಡೆಗೆ ನಿಲ್ಲಿಸಿ, ಪುಸ್ತಕ ಕೊಟ್ಟು, "ಬಿಗಿಯಾಗಿ ಹಿಡಕೋ ತಂಗೀ" ಅಂದಳು. ನಾನು ಟೇಪಿನ ಕೆಳತುದಿ ಹಿಡಿದು ಕೂತಿದ್ದೆ. ಅಳತೆ ಬರೆದ ಮೇಲೆ ತಾರೀಖು ಹಾಕಿದಳು. ಅದರ ಪಕ್ಕದಲ್ಲೇ ಮೂರು ತಿಂಗಳ ಮುಂದಿನ ಇನ್ನೊಂದು ತಾರೀಖೂ ಬರೆದಳು.

"ಇದ್ಯಾಕವ್ವಾ?" ಅಂದೆ.

"ಮತ್ತ ಅಳೀಬೇಕಲ್ರಿ ಸರ್. ಬೆಳೀತಾಳ."