ಕ್ಲೈಂಟ್ ಕೇಂದ್ರಿತ ಆಪ್ತಸಮಾಲೋಚನೆ: ಕೇಳಿಸಿಕೊಳ್ಳುವುದನ್ನು ರೂಢಿಸಿಕೊಳ್ಳುವ ಬಗೆ

ಆಪ್ತಸಮಾಲೋಚನೆಯನ್ನು ಹೊಸದಾಗಿ ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಸಲಹೆ ಕೊಡದೆ ಕೂರುವುದು. ಪರಿಹಾರ ಹೊಳೆದ ಕೂಡಲೇ ಹೇಳಿಬಿಡುವ ಆತುರ ಸಹಜವೇ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲಿ ರೂಪಿಸಿದ ಈ ಪದ್ಧತಿ, ತನ್ನ ದಾರಿಯನ್ನು ಕಂಡುಕೊಳ್ಳುವ ಶಕ್ತಿ ನೆರವು ಕೋರಿ ಬಂದ ವ್ಯಕ್ತಿಯಲ್ಲೇ, ಅಂದರೆ ಕ್ಲೈಂಟ್‌ನಲ್ಲೇ ಇದೆ, ಅದು ಅರಳುವುದಕ್ಕೆ ತಕ್ಕ ಸಂಬಂಧವನ್ನು ಒದಗಿಸುವುದೇ ಸಮಾಲೋಚಕರ ಕೆಲಸ ಎಂಬ ನಂಬಿಕೆಯ ಮೇಲೆ ನಿಂತಿದೆ.

1957ರ ಪ್ರಬಂಧವೊಂದರಲ್ಲಿ ರೋಜರ್ಸ್ ಬದಲಾವಣೆಗೆ ಬೇಕಾದ ಆರು ಸ್ಥಿತಿಗಳನ್ನು ವಿವರಿಸಿದರು. ಸಮಾಲೋಚಕರ ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ ಮತ್ತು ಪರಾನುಭೂತಿ (ಎದುರಿನವರ ಅನುಭವವನ್ನು ಅವರ ಜಾಗದಲ್ಲಿ ನಿಂತು ಅರಿಯುವುದು) ಎಂಬ ಮೂರು ಎಲ್ಲರ ಬಾಯಲ್ಲೂ ಇವೆ. ಈ ಸ್ವೀಕಾರವೂ ಪರಾನುಭೂತಿಯೂ ಕ್ಲೈಂಟ್‌ಗೆ ಸ್ವಲ್ಪವಾದರೂ ತಲುಪಿರಬೇಕು ಎಂಬ ಆರನೆಯದನ್ನು ಮಾತ್ರ ಹಲವರು ಮರೆಯುತ್ತಾರೆ. ನಿಮ್ಮೊಳಗೆ ಎಷ್ಟೇ ಪರಾನುಭೂತಿಯಿದ್ದರೂ ಅದು ಅವರಿಗೆ ಗೊತ್ತಾಗದಿದ್ದರೆ ಕೆಲಸಕ್ಕೆ ಬಾರದು.

ಒಂದು ಉದಾಹರಣೆ ನೋಡಿ. “ಅಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ಈಗ ಅವರಿಗೆ ಹುಷಾರಿಲ್ಲವಂತೆ. ಹೋಗಬೇಕೋ ಬೇಡವೋ ಗೊತ್ತಾಗ್ತಿಲ್ಲ” ಎಂದು ಒಬ್ಬರು ಹೇಳುತ್ತಾರೆ. “ಎಷ್ಟಾದರೂ ಅಪ್ಪ ಅಲ್ವೇ, ಹೋಗಿ ಬನ್ನಿ” ಎಂದರೆ ನೀವು ತೀರ್ಪು ಕೊಟ್ಟಂತಾಯಿತು. ಅವರ ಮಾತನ್ನೇ ಗಿಳಿಪಾಠದಂತೆ ಒಪ್ಪಿಸಿದರೂ ಪ್ರಯೋಜನವಿಲ್ಲ. ಅದರ ಬದಲು, “ಹೋಗಬೇಕು ಅಂತ ಮನಸ್ಸು ಎಳೆಯುತ್ತಿದೆ, ಆದರೆ ಹೋದರೆ ನಿಮಗಾದ ನೋವಿಗೆ ಬೆಲೆಯೇ ಇಲ್ಲದಂತಾಗುತ್ತದೆ ಅನ್ನಿಸುತ್ತಿದೆಯೇ?” ಎಂದು ಕೇಳಿ ಸುಮ್ಮನಾಗಿ. “ಹಾಗಲ್ಲ, ಹೋದರೂ ಅವರು ಮುಖ ತಿರುಗಿಸಿದರೆ ಅನ್ನೋ ಭಯ” ಎಂದು ಅವರು ತಿದ್ದಿದರೆ ಪೆಚ್ಚಾಗಬೇಕಾಗಿಲ್ಲ, ಏಕೆಂದರೆ ಆ ಭಯಕ್ಕೆ ಮಾತು ಸಿಕ್ಕಿದ್ದು ನೀವು ತಪ್ಪಾಗಿ ಊಹಿಸಿದ್ದರಿಂದಲೇ. ಹೀಗೆ ಮಾತನ್ನು ಮರಳಿಸುವಾಗ ತಮಗೆ ಅರ್ಥವಾದದ್ದು ಸರಿಯೇ ಎಂದು ಪರೀಕ್ಷಿಸಿಕೊಳ್ಳುವುದೇ ತಮ್ಮ ಉದ್ದೇಶ ಎಂದು ರೋಜರ್ಸ್ ಕೊನೆಯ ವರ್ಷಗಳಲ್ಲಿ ಸ್ಪಷ್ಟಪಡಿಸಿದ್ದರು. ಬರೀ ಮಾತು ಮರಳಿಸುವ ತಂತ್ರವನ್ನು ಯಂತ್ರವೂ ಅನುಕರಿಸಬಲ್ಲದು. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ ಮಾಡಿ ತೋರಿಸಿದ್ದು ಅದನ್ನೇ.

ಸ್ವೀಕಾರವೆಂದರೆ ಮಾಡಿದ್ದೆಲ್ಲ ಸರಿ ಎನ್ನುವುದಲ್ಲ, ಮಾಡಿದವರ ಬಗೆಗಿನ ಗೌರವವನ್ನು ಹಿಂತೆಗೆದುಕೊಳ್ಳದಿರುವುದು. ಪ್ರಾಮಾಣಿಕತೆಯೆಂದರೆ ತೋಚಿದ್ದನ್ನೆಲ್ಲ ಆಡಿಬಿಡುವುದೂ ಅಲ್ಲ; ಬೇಸರವೋ ಗೊಂದಲವೋ ಮತ್ತೆ ಮತ್ತೆ ಕಾಡಿ ಕೇಳಿಸಿಕೊಳ್ಳಲು ಅಡ್ಡಬಂದಾಗ ಮಾತ್ರ, ದೂರಿನ ಧಾಟಿಯಿಲ್ಲದೆ, ತಮ್ಮದೇ ಅನುಭವವೆಂದು ಅದನ್ನು ಹೇಳಬೇಕು.

ಅಭ್ಯಾಸಕ್ಕೆ ಧ್ವನಿಮುದ್ರಣಕ್ಕಿಂತ ಒಳ್ಳೆಯ ಗುರು ಬೇರೆ ಇಲ್ಲ. ಭೇಟಿಗಳನ್ನು ಮುದ್ರಿಸಿ ಅಧ್ಯಯನ ಮಾಡುವ ಪರಿಪಾಠಕ್ಕೆ ನಾಂದಿ ಹಾಡಿದವರಲ್ಲಿ ರೋಜರ್ಸ್ ಒಬ್ಬರು. ಕ್ಲೈಂಟ್‌ನ ಒಪ್ಪಿಗೆ ಪಡೆದು ಮುದ್ರಿಸಿ, ಎಲ್ಲೆಲ್ಲಿ ನಡುವೆ ಬಾಯಿ ಹಾಕಿದಿರಿ, ಎಲ್ಲಿ ಮೌನವನ್ನು ತಾಳಲಾರದೆ ಪ್ರಶ್ನೆ ಎಸೆದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿ.

ಕುಡಿತದ ಸಮಸ್ಯೆಯ ಚಿಕಿತ್ಸೆಗಾಗಿ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ, ಬದಲಾಗುವ ಮನಸ್ಸನ್ನು ವ್ಯಕ್ತಿಯ ಬಾಯಿಂದಲೇ ಹೊರತರುವ ಪ್ರೇರಣಾತ್ಮಕ ಸಂದರ್ಶನ ಎಂಬ ವಿಧಾನ ಈ ಪದ್ಧತಿಗೆ ಬಹಳಷ್ಟು ಋಣಿಯಾಗಿದೆ. ಶಿಕ್ಷಣ ಮತ್ತು ಪೋಷಕರ ತರಬೇತಿಯಲ್ಲೂ ಇದರ ಪ್ರಭಾವ ಕಾಣುತ್ತದೆ. ಚಿಕಿತ್ಸೆ ಯಾವ ಬಗೆಯದಾದರೂ ಸಂಬಂಧ ಗಟ್ಟಿಯಾಗಿದ್ದಷ್ಟೂ ಫಲ ಚೆನ್ನಾಗಿರುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿದೆ, ಆದರೆ ಸಂಬಂಧವೊಂದೇ ಸಾಕು ಎಂಬ ರೋಜರ್ಸ್‌ರ ವಾದವನ್ನು ಎಲ್ಲರೂ ಒಪ್ಪಿಲ್ಲ. ಆತ್ಮಹತ್ಯೆಯ ಸುಳಿವು ಕಂಡರೆ ನೇರವಾಗಿಯೇ ಕೇಳಿ, ತಡಮಾಡದೆ ಮನೋವೈದ್ಯರನ್ನು ಸಂಪರ್ಕಿಸಬೇಕು. ಅಂಥ ಹೊತ್ತಿನಲ್ಲಿ ನಿರ್ದೇಶನ ಕೊಡುವುದು ಈ ಪದ್ಧತಿಗೆ ಬಗೆದ ದ್ರೋಹವಾಗುವುದಿಲ್ಲ.