ಕೈಲೆ ಹೊಡದ್ರ ಹೋಗ್ತೈತಿ, ಕ್ರಾನ್‌ದಾಗ ಹೋಗಂಗಿಲ್ಲ: ಸಿಗ್ನಲ್-ಸಿಎಲ್‌ಐ ಸರಿಮಾಡಿದ್ದು

ಹುಬ್ಬಳ್ಳಿಯ ಗೋಕುಲ ರೋಡಿನ ಆಫೀಸೊಂದರ ಉಬುಂಟು 22.04 ಸರ್ವರ್. ಕರೆಂಟ್ ಹೋಗಿ ಯುಪಿಎಸ್ ಮೇಲೆ ನಡೆಯತೊಡಗಿದರೆ ಸಿಗ್ನಲ್ ಮೆಸೇಜ್ ಬರಬೇಕು. ಕಳಿಸುವುದು ಸಿಗ್ನಲ್-ಸಿಎಲ್‌ಐ, ಅಂದರೆ ಕಮಾಂಡ್ ಕೊಟ್ಟು ಸಿಗ್ನಲ್ ಮೆಸೇಜ್ ಕಳಿಸುವ ಪ್ರೋಗ್ರಾಂ. ಟರ್ಮಿನಲ್‌ನಿಂದ ಕಳಿಸಿದರೆ ಬರುತ್ತಿತ್ತು. ಕ್ರಾನ್‌ನಿಂದ (ಹೊತ್ತು ಹೊತ್ತಿಗೆ ಕಮಾಂಡ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ) ಕಳಿಸಿದರೆ ನಂಬರ್ ರಿಜಿಸ್ಟರ್ ಆಗಿಲ್ಲ ಎಂಬ ಎರರ್.

ಅದನ್ನು ನಂಬಿ ಮತ್ತೆ ರಿಜಿಸ್ಟರ್ ಮಾಡಬೇಡಿ. ಅದೇ ನಂಬರ್ ಫೋನಿನಲ್ಲಿದ್ದರೆ ಅಲ್ಲಿನ ಸಿಗ್ನಲ್ ಬಂದ್ ಆಗುತ್ತದೆ. ಅಸಲಿ ಕಾರಣ ಬೇರೆ: ಕೀಲಿಗಳು ಅಕೌಂಟ್ ಜೋಡಿಸಿದ ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿರುತ್ತವೆ, ಕ್ರಾನ್ ಓಡುತ್ತಿದ್ದದ್ದು ರೂಟ್ (ಅಡ್ಮಿನ್ ಯೂಸರ್) ಹೆಸರಿನಲ್ಲಿ. ಮೆಸೇಜ್ ಕಳಿಸುವ ಕಮಾಂಡ್‌ನ ಸಾಲನ್ನು ಅಕೌಂಟ್ ಜೋಡಿಸಿದ ಯೂಸರ್‌ನ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ಓಡಿಸಬೇಕಾದ ಕೆಲಸಗಳ ಪಟ್ಟಿ) ಸರಿಸಿದರೆ ಸಾಕು. ಕಾನ್ಫಿಗ್ ಆಯ್ಕೆಯಲ್ಲಿ ಫೋಲ್ಡರ್‌ನ ದಾರಿ ಕೊಟ್ಟು ರೂಟ್‌ನಿಂದಲೂ ಓಡಿಸಬಹುದು (ಆ ಆಯ್ಕೆ ಕಮಾಂಡ್‌ನಲ್ಲಿ ಸೆಂಡ್ ಪದಕ್ಕಿಂತ ಮುಂಚೆ ಬರಬೇಕು). ಆದರೆ ರೂಟ್ ಬರೆದ ಫೈಲ್ ಆಮೇಲೆ ಯೂಸರ್‌ಗೆ ತೆರೆಯುವುದಿಲ್ಲ, ತಲೆನೋವು.

ಆಗ ಜಾವಾ ತಕರಾರು ಎದ್ದಿತು. ಸಿಗ್ನಲ್-ಸಿಎಲ್‌ಐ ಓಡಲು ಜಾವಾ ಬೇಕು; ಅದರ 0.13 ಸರಣಿಗೆ ಜಾವಾ 21 ಬೇಕು, ಉಬುಂಟು 22.04ರ ಡೀಫಾಲ್ಟ್ ಜಾವಾ 11. ಲಾಗಿನ್ ಶೆಲ್‌ನಲ್ಲಿ ಇಟ್ಟ ಜಾವಾ ಹೋಮ್ (ಜಾವಾ ಎಲ್ಲಿದೆ ಎಂದು ಹೇಳುವ ಸೆಟ್ಟಿಂಗ್) ಕ್ರಾನ್‌ಗೆ ಕಾಣುವುದಿಲ್ಲ. ಅದನ್ನು ಕ್ರಾನ್‌ಟ್ಯಾಬ್‌ನ ಮೊದಲ ಸಾಲಿನಲ್ಲೇ ಬರೆಯಬೇಕು. ಸಿಗ್ನಲ್-ಸಿಎಲ್‌ಐಗೂ ಪೂರ್ತಿ ದಾರಿ ಕೊಡಿ.

ಸಿಗ್ನಲ್-ಸಿಎಲ್‌ಐ ಡೀಮನ್ ಆಗಿ (ಹಿನ್ನೆಲೆಯಲ್ಲಿ ಸದಾ) ಓಡುತ್ತಿರುವಾಗ ಬೇರೆಯಾಗಿ ಸೆಂಡ್ ಕೊಟ್ಟರೆ, ಫೈಲ್ ಇನ್ನೊಂದರ ಕೈಯಲ್ಲಿದೆ ಎಂದು ಸುಮ್ಮನೆ ಕಾಯುತ್ತ ಕೂರುತ್ತದೆ. ಆಗ ಡೀಮನ್‌ನ ಸಾಕೆಟ್‌ಗೇ (ಬೇರೆ ಪ್ರೋಗ್ರಾಂ ಅದರ ಜೊತೆ ಮಾತಾಡುವ ದಾರಿ) ಜೇಸನ್-ಆರ್‌ಪಿಸಿ ಎಂಬ ಸಂದೇಶ ರೂಪದಲ್ಲಿ ಕಳಿಸಬೇಕು. ಡೀಮನ್ ಇಲ್ಲದಿದ್ದರೆ ದಿನಕ್ಕೊಮ್ಮೆಯಾದರೂ ರಿಸೀವ್ ಕಮಾಂಡ್ ಓಡಿಸಿ. ಬಂದ ಮೆಸೇಜ್‌ಗಳನ್ನು ನಿಯಮಿತವಾಗಿ ಇಳಿಸಿಕೊಳ್ಳಬೇಕೆಂಬುದು ಸಿಗ್ನಲ್ ವ್ಯವಸ್ಥೆಯ ನಿರೀಕ್ಷೆ. ಮೂರು ತಿಂಗಳಿಗಿಂತ ಹಳೆಯ ಸಿಗ್ನಲ್-ಸಿಎಲ್‌ಐ ಆವೃತ್ತಿಯೂ ಕೈಕೊಡಬಹುದು.